ನನ್ನ ಕೈಲಾಗುವುದಿಲ್ಲ ಎಂದ ರಾಜಕುಮಾರಿ

ಬಹಳ ಹಿಂದೆ, ಬೆಟ್ಟಗಳು ಇನ್ನೂ ತಮ್ಮ ತಮ್ಮ ಜಾಗ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಹೆಬ್ಬಂಡೆ ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲರೂ ಬಲಶಾಲಿಗಳು. ಬಲವಿಲ್ಲದವರೂ ಇದ್ದರು. ಆದರೆ ಅವರೂ ಬೆಳಗ್ಗೆ ಎದ್ದು ತೋಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದುದರಿಂದ ಹೊರಗಿನವರಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅರಮನೆಯ ಮುಂದೆ ಒಂದು ಗುಂಡುಕಲ್ಲು ಇತ್ತು. ಯಾವ ಉದ್ಯೋಗ ಬೇಕಾದರೂ ಆ ಕಲ್ಲನ್ನು ಎದೆಮಟ್ಟಕ್ಕೆ ಎತ್ತಬೇಕು. ಸೇನಾಪತಿ ಎತ್ತಿದ್ದ, ಅದು ಸರಿ. ಆಸ್ಥಾನದ ವೈದ್ಯನೂ ಎತ್ತಿದ್ದ. ಅವನಿಗೆ ಔಷಧದ ವಿಷಯ ಅಷ್ಟಾಗಿ ಗೊತ್ತಿರಲಿಲ್ಲ, ಆದರೆ ಅವನ ತೋಳು ನೋಡಿದ ಮೇಲೆ ಕಾಯಿಲೆ ಎನ್ನಲು ಜನ ನಾಚುತ್ತಿದ್ದುದರಿಂದ ರಾಜ್ಯದ ಆರೋಗ್ಯ ಚೆನ್ನಾಗಿತ್ತು. ಆಸ್ಥಾನಕವಿಯೂ ಎತ್ತಿದ್ದ. ಅವನ ಕಾವ್ಯಕ್ಕೆ ಕೆಟ್ಟ ವಿಮರ್ಶೆ ಬಂದ ದಾಖಲೆಯಿಲ್ಲ.

ಈ ರಾಜ್ಯಕ್ಕೆ ಒಬ್ಬ ದೇವರೂ ಇದ್ದ, ಕರುಣೇಶ್ವರ. ಗುಡಿ ದೊಡ್ಡದು, ಪೂಜೆ ಹೊತ್ತುಹೊತ್ತಿಗೆ ನಡೆಯುತ್ತಿತ್ತು, ನೈವೇದ್ಯಕ್ಕೆ ತುಪ್ಪದ ಕೊರತೆ ಇರಲಿಲ್ಲ. ದಿನವೂ ಮಂಗಳಾರತಿಯ ನಂತರ ಅರ್ಚಕ ಶೇಷಭಟ್ಟರು ಭಕ್ತರ ಕಡೆ ತಿರುಗಿ, "ಸ್ವಾಮಿ ಕೇಳುತ್ತಿದ್ದಾನೆ, ಯಾರಿಗೇನು ಬೇಕು?" ಎನ್ನುತ್ತಿದ್ದರು. ಭಕ್ತರೆಲ್ಲ ಕೈಮುಗಿದು ಒಂದೇ ದನಿಯಲ್ಲಿ, "ಏನೂ ಬೇಡ ಸ್ವಾಮಿ, ನಮ್ಮ ಕೈಲಾಗುತ್ತದೆ" ಎನ್ನುತ್ತಿದ್ದರು. ಆಮೇಲೆ ತೀರ್ಥ, ಪ್ರಸಾದ. ದೇವರಿಗೆ ತೊಂದರೆ ಕೊಡುವುದು ಸಂಸ್ಕಾರವಂತರ ಲಕ್ಷಣವಲ್ಲ ಎಂದು ಆ ಜನ ತಿಳಿದಿದ್ದರು. ಹೀಗೆ ತಲೆತಲಾಂತರದಿಂದ ಕರುಣೇಶ್ವರನಿಗೆ ಊಟ ಸಿಗುತ್ತಿತ್ತು, ಕೆಲಸ ಸಿಗುತ್ತಿರಲಿಲ್ಲ. 'ಕೈಲಾಗದವರು' ಎಂಬುದು ಹೆಬ್ಬಂಡೆಯ ಅತಿ ಕೆಟ್ಟ ಬೈಗುಳ. ಮಕ್ಕಳೆದುರು ಅದನ್ನು ಆಡುವಂತಿರಲಿಲ್ಲ.

ರಾಜನ ಹೆಸರು ಉದ್ದಂಡರಾಯ. ರಾಣಿ ತೀರಿಕೊಂಡಿದ್ದಳು. ಮಕ್ಕಳು ಮೂವರು. ಹಿರಿಯವನಿಗೆ ಶತಬಾಹು ಎಂದು ಹೆಸರಿಟ್ಟರು. ಎರಡನೆಯವನು ಇನ್ನೂ ಬಲಶಾಲಿಯಾಗಲಿ ಎಂದು ಸಹಸ್ರಬಾಹು ಎಂದರು. ಮೂರನೆಯದು ಹೆಣ್ಣಾದ್ದರಿಂದ ತೋಳುಗಳ ಲೆಕ್ಕ ನಿಲ್ಲಿಸಿ ಕುಸುಮಾಂಬೆ ಎಂದು ಕರೆದರು. ಅಣ್ಣಂದಿರಿಬ್ಬರೂ ಗುಂಡುಕಲ್ಲನ್ನು ಎದೆಮಟ್ಟಕ್ಕೆ ಎತ್ತಬಲ್ಲವರು. ಕುಸುಮಾಂಬೆ ಅದನ್ನು ತಲೆಯ ಮೇಲೆ ಎತ್ತಿ, ಅಂಗಳದ ಇನ್ನೊಂದು ಮೂಲೆಗೆ ಇಟ್ಟು, ಅದರಡಿ ಕಸ ಗುಡಿಸಿಸಿ, ಮತ್ತೆ ಜಾಗಕ್ಕೆ ತರುತ್ತಿದ್ದಳು. ಆ ಹೊತ್ತಿಗೆ ಆಸ್ಥಾನಿಕರೆಲ್ಲ ಮರ್ಯಾದೆಗಾಗಿ ಬೇರೆ ಕಡೆ ನೋಡುತ್ತಿದ್ದರು.

ನೋಡುತ್ತಿದ್ದವನು ಅವಳ ಅಪ್ಪ ಒಬ್ಬನೇ. ಅವಳು ಚಿಕ್ಕವಳಿದ್ದಾಗ ಅವಳನ್ನು ಎಡಗೈ ಮೇಲೆ ಕೂರಿಸಿಕೊಂಡೇ ದರ್ಬಾರು ನಡೆಸುತ್ತಿದ್ದ. ವಿದೇಶದ ರಾಯಭಾರಿಗಳು ಮಾತಾಡುವಾಗ ಅವಳು ಅವನ ಮೀಸೆ ಎಳೆಯುತ್ತಿದ್ದಳು. ರಾಯಭಾರಿಗಳು ಅದನ್ನು ರಾಜತಂತ್ರ ಎಂದುಕೊಂಡು ಹೋಗುತ್ತಿದ್ದರು.

ರಾಜ್ಯದ ಉತ್ತರಕ್ಕೆ ಹೊಗೆಗುಡ್ಡ. ಅದರ ಮೇಲೆ ಎರವಲಯ್ಯ ಎಂಬ ಮಾಂತ್ರಿಕ ವಾಸವಾಗಿದ್ದ. ಹುಟ್ಟಿದಾಗ ಕಡ್ಡಿಯಂತಿದ್ದ ಮನುಷ್ಯ. ಜೀವಮಾನದಲ್ಲಿ ಕಷ್ಟಪಟ್ಟು ಮಾಡಿದ್ದು ಒಂದೇ ಕೆಲಸ, ಒಂದು ಮಾಯೆ ಕಲಿತದ್ದು. ಆ ಗುಡ್ಡದ ಮೇಲೆ ಯಾರು ಯಾರನ್ನು ಹೊಡೆದರೂ, ಹೊಡೆದವನ ಬಲ ಹೊಡೆಸಿಕೊಂಡವನಿಗೆ ಸೇರುತ್ತಿತ್ತು. ಆಮೇಲೆ ಎರವಲಯ್ಯನಿಗೆ ಬೇರೆ ದುಡಿಮೆ ಬೇಕಾಗಲಿಲ್ಲ. ಯಾರನ್ನಾದರೂ ಬೈಯುವುದು, ಬಂದಾಗ ಹೊಡೆಸಿಕೊಳ್ಳುವುದು. ಬಲ ಕಳೆದುಕೊಂಡವರನ್ನು ದನವೋ ಕುರಿಯೋ ಮಾಡಿ ಮನೆಗೆ ಕಳಿಸುತ್ತಿದ್ದ.

ಒಂದು ದಿನ ಅವನ ಮೈನಾ ಹಕ್ಕಿ ಹಾರಿಬಂದು ಅರಮನೆಯ ಕಿಟಕಿಯ ಮೇಲೆ ಕೂತಿತು.

"ಉದ್ದಂಡರಾಯರು ಕೈಲಾಗದವರಂತೆ," ಎಂದಿತು. "ನಾನು ಹೇಳಿದ್ದಲ್ಲ. ನಮ್ಮ ಧಣಿ ಹೇಳಿದ್ದು."

ರಾಜ ಊಟ ಮಾಡುತ್ತಿದ್ದ. ಕೈ ತೊಳೆಯದೆ ಎದ್ದುಹೋದ.

ಸಂಜೆಗೆ ಒಂದು ಕೋಣ ಬಂತು. ಕೊರಳಲ್ಲಿ ಕರಿಯ ಹಗ್ಗದ ಕಣ್ಣಿ, ಕಿವಿಯಲ್ಲಿ ರಾಜನ ಚಿನ್ನದ ಒಂಟಿ. ಬೆನ್ನ ಮೇಲೆ ಮೈನಾ.

"ಕೊರಳಿನ ಕಣ್ಣಿ ಕಳಚಿದರೆ ಮನುಷ್ಯ," ಎಂದಿತು ಮೈನಾ. "ಮಗಳು ಕರೆದಾಗ ತಿರುಗಿ ನೋಡುತ್ತಿರುವವರೆಗೂ ಒಳಗೆ ರಾಜ ಇದ್ದಾನೆ. ಯಾವತ್ತು ತಿರುಗುವುದಿಲ್ಲವೋ ಅವತ್ತಿನಿಂದ ಬರೀ ಕೋಣ. ಮೇವು ಸ್ವಲ್ಪ ನೆನೆಸಿ ಕೊಡಿ, ಹಲ್ಲು ಹಳೇದು." ಇಷ್ಟು ಹೇಳಿ ಹಾರಿಹೋಯಿತು.

ಕೋಣ ನಡೆದುಕೊಂಡು ಬಂದು ಸಿಂಹಾಸನದ ಮುಂದೆ ನಿಂತಿತು. ಮಂತ್ರಿ ಸುಜ್ಞಾನಯ್ಯ ಕ್ಷಣಕಾಲ ಯೋಚಿಸಿ, ಎದ್ದು ನಮಸ್ಕಾರ ಮಾಡಿದ. ಮರುದಿನದಿಂದ ಆಡಳಿತ ಎಂದಿನಂತೆ ನಡೆಯಿತು. ಮಂತ್ರಿ ವರದಿ ಒಪ್ಪಿಸುತ್ತಿದ್ದ, ಕೋಣ ತಲೆಯಾಡಿಸುತ್ತಿತ್ತು. ಹಿಂದೆ ರಾಜ ವರದಿಯ ನಡುವೆ ನಿದ್ದೆ ಹೋಗುತ್ತಿದ್ದ, ಕೋಣ ಕೊರಳಿನ ಕಣ್ಣಿ ಜಗ್ಗುತ್ತ ನಿಂತೇ ಕೇಳುತ್ತಿತ್ತು. ಆದ್ದರಿಂದ ಒಂದು ರೀತಿಯ ಸುಧಾರಣೆಯೇ ಆಗಿದೆ ಎಂದು ಹಿರಿಯರು ಅಭಿಪ್ರಾಯಪಟ್ಟರು.

ಕುಸುಮಾಂಬೆಗೆ ಬೇಕಾಗಿದ್ದುದು ರಾಜ ಅಲ್ಲ, ಅಪ್ಪ. ಅವಳು ದಿನವೂ ಬೆಳಗ್ಗೆ ಹೋಗಿ, "ಅಪ್ಪಾಜಿ," ಎಂದು ಕರೆಯುತ್ತಿದ್ದಳು. ಮೊದಮೊದಲು ಕೋಣ ಥಟ್ಟನೆ ತಿರುಗುತ್ತಿತ್ತು. ಆಮೇಲೆ ಬಾಯಲ್ಲಿದ್ದ ಹುಲ್ಲು ಮುಗಿಸಿ ತಿರುಗುತ್ತಿತ್ತು.

ಶತಬಾಹು ಮೀಸೆ ತೀಡಿಕೊಂಡು ಹೊಗೆಗುಡ್ಡಕ್ಕೆ ಹೋದ. ಟಗರಾಗಿ ಬಂದ. ಸಹಸ್ರಬಾಹು, "ಅಣ್ಣನದು ಪಟ್ಟು ಸರಿಯಿಲ್ಲ, ಸೊಂಟ ಬಳಸಬೇಕಿತ್ತು," ಎಂದು ಹೇಳಿ ಹೋದ. ಹುಂಜವಾಗಿ ಬಂದ. ಈಗ ದರ್ಬಾರಿನಲ್ಲಿ ಒಂದು ಕೋಣ, ಒಂದು ಟಗರು, ಒಂದು ಹುಂಜ ಸಾಲಾಗಿ ನಿಲ್ಲುತ್ತಿದ್ದವು. ಸಭೆ ಮಾತ್ರ ಮೊದಲಿಗಿಂತ ಬೇಗ ಶುರುವಾಗುತ್ತಿತ್ತು, ಹುಂಜದ ದೆಸೆಯಿಂದ.

ಒಂದು ಬೆಳಗ್ಗೆ ಕುಸುಮಾಂಬೆ ಕರೆದಳು. ಕೋಣ ತಿರುಗಲಿಲ್ಲ. ಮತ್ತೆ ಕರೆದಳು. ತಿರುಗಲಿಲ್ಲ. ಮೂರನೆಯ ಸಲ ಕಿವಿಯ ಹತ್ತಿರ ಹೋಗಿ ಕೂಗಿದಾಗ, ಯಾರೋ ದೂರದವರು ಕರೆದಂತೆ, ಅರ್ಧ ಕತ್ತು ತಿರುಗಿಸಿತು.

ಅವಳಿಗೆ ಹೆದರಿಕೆಯಾಯಿತು. ಹೆದರಿಕೆಯಾದಾಗ ಹೆಬ್ಬಂಡೆಯವರು ಮಾಡುವುದನ್ನೇ ಅವಳೂ ಮಾಡಿದಳು, ಬಲ ಹಾಕಿದಳು. ಕೊರಳಿನ ಕಣ್ಣಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಕಣ್ಣಿ ಬಿಗಿಯಾಯಿತು. ಇನ್ನೂ ಜೋರಾಗಿ ಎಳೆದಳು. ಇನ್ನೂ ಬಿಗಿಯಾಯಿತು. ಕೋಣದ ನಾಲಗೆ ಹೊರಬಂತು, ಕಣ್ಣು ಮೇಲಾಯಿತು. ರಾಜ್ಯದಲ್ಲಿ ಯಾರಿಗೂ ಇಲ್ಲದ ಬಲದಿಂದ ತಾನು ಅಪ್ಪನ ಕತ್ತು ಹಿಸುಕುತ್ತಿದ್ದೇನೆ ಎಂದು ಗೊತ್ತಾದಾಗ ಅವಳು ಕೈಬಿಟ್ಟಳು. ಕಣ್ಣಿ ತುಸು ಸಡಿಲವಾಯಿತು. ಕೋಣ ಕೆಮ್ಮಿತು. ಅವಳು ತನ್ನ ಎರಡು ಕೈಗಳನ್ನು ಬೇರೆಯವರ ಕೈಗಳೆಂಬಂತೆ ಬಹಳ ಹೊತ್ತು ನೋಡುತ್ತ ನಿಂತಳು.

ಆಮೇಲೆ ಗುಡಿಗೆ ಹೋದಳು.

ಮಂಗಳಾರತಿ ಆಗಿತ್ತು. ಶೇಷಭಟ್ಟರು ಎಂದಿನಂತೆ, "ಸ್ವಾಮಿ ಕೇಳುತ್ತಿದ್ದಾನೆ, ಯಾರಿಗೇನು ಬೇಕು?" ಎಂದರು.

"ಏನೂ ಬೇಡ ಸ್ವಾಮಿ, ನಮ್ಮ ಕೈಲಾಗುತ್ತದೆ," ಎಂದರು ಎಲ್ಲರೂ.

"ನನಗೆ ಬೇಕು," ಎಂದಳು ಕುಸುಮಾಂಬೆ.

ಮಂತ್ರಿ ತನ್ನ ಶಲ್ಯ ಸರಿಮಾಡಿಕೊಂಡ. ಒಬ್ಬ ತಾಯಿ ತನ್ನ ಮಗುವಿನ ಕಿವಿ ಮುಚ್ಚಿದಳು.

ಶೇಷಭಟ್ಟರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಮ್ಮಣ್ಣಿ, ಇದು ಸುಮ್ಮನೆ ಕೇಳೋದು. ಮನೆಗೆ ಬಂದವರನ್ನ ಊಟ ಮಾಡಿ ಅಂತೀವಲ್ಲ, ಹಾಗೆ. ಯಾರೂ ಎಲೆ ಹಾಕ್ಕೊಂಡು ಕೂರಲ್ಲ," ಎಂದರು.

"ನಾನು ಕೂರ್ತೀನಿ ಭಟ್ಟರೇ. ನಮ್ಮ ಅಪ್ಪ ನನಗೆ ವಾಪಸು ಬೇಕು. ನನ್ನಿಂದ..." ಎಂದು ನಿಲ್ಲಿಸಿದಳು. ಮುಂದಿನ ಮಾತು ಬಾಯಿಗೆ ಬರಲಿಲ್ಲ. ಆ ಊರಿನಲ್ಲಿ ಹುಟ್ಟಿದವರಿಗೆ ಅದು ಸುಲಭಕ್ಕೆ ಬರುವ ಮಾತಲ್ಲ.

ಆಗ ಗರ್ಭಗುಡಿಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡ ಸದ್ದಾಯಿತು.

"ಹೇಳಮ್ಮ, ಕೇಳಿಸ್ತಾ ಇದೆ," ಎಂದ ಕರುಣೇಶ್ವರ. "ಅಭ್ಯಾಸ ತಪ್ಪಿದೆ, ಅಷ್ಟೆ. ಹೊಗೆಗುಡ್ಡಕ್ಕೆ ಹೊರಡು. ನಾನೂ ಬರ್ತೀನಿ."

"ಯಾವಾಗ ಬರ್ತೀಯ ಸ್ವಾಮಿ?"

"ನೀನು ಕರೆದಾಗ."

"ಗದೆ ತಗೊಂಡು ಹೋಗಲಾ?"

"ಹೊರೋದಕ್ಕೆ ಇಷ್ಟ ಇದ್ದರೆ ತಗೊಂಡು ಹೋಗು. ಒಂದೇ ಒಂದು ಮಾತು. ಕೈಲಾಗದ್ದು ಎದುರಾದಾಗ ಕೈಲಾಗೋದಿಲ್ಲ ಅಂತ ನನಗೆ ಹೇಳು. ಹೇಳಿದ ಮೇಲೆ ನಡುವೆ ಕೈಹಾಕಬೇಡ."

ದೇವರು ಮಾತಾಡಿದ್ದರಿಂದ ಜನರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. ಅವನು ದೇವರು, ಮಾತಾಡಬಲ್ಲ. ರಾಜನ ಮಗಳು ಬಾಯಿಬಿಟ್ಟು ಕೇಳಿದಳಲ್ಲ ಎಂಬುದನ್ನೇ ಅವರು ಪ್ರಸಾದ ತಿನ್ನುತ್ತ ತುಂಬ ಹೊತ್ತು ಚರ್ಚಿಸಿದರು.

ಕುಸುಮಾಂಬೆ ಗದೆ ಹೊತ್ತು ಹೊರಟಾಗ ಶೇಷಭಟ್ಟರೂ ಹಿಂದೆ ಬಂದರು. ಒಂದು ಕೈಯಲ್ಲಿ ಪುಳಿಯೋಗರೆಯ ಪಾತ್ರೆ. ಅವರೂ ಗುಂಡುಕಲ್ಲು ಎತ್ತಿಯೇ ಅರ್ಚಕರಾದವರು. ಮಂತ್ರ ಸ್ವಲ್ಪ ಹಿಂದೆಮುಂದೆ ಆಗುತ್ತಿತ್ತು, ತೋಳಬಂದಿ ಮಾತ್ರ ತೋಳಿಗೆ ಬಿಗಿಯಾಗಿ ಕೂತಿತ್ತು.

"ನೀವ್ಯಾಕೆ ಭಟ್ಟರೇ?" ಎಂದು ಕೇಳಿದಳು.

"ದೇವರು ನಿಮ್ಮ ಜೊತೆ ಬರ್ತೀನಿ ಅಂದುಬಿಟ್ಟ. ಗುಡಿಯಲ್ಲಿ ಅವನು ಇಲ್ಲದೆ ನೈವೇದ್ಯ ಯಾರಿಗೆ ಇಡಲಿ? ಅವನು ಎಲ್ಲಿರ್ತಾನೋ ಅಲ್ಲಿಗೆ ಅನ್ನ ಹೋಗಬೇಕು. ಜೀವಮಾನವಿಡೀ ಪೂಜೆ ಮಾಡಿದ್ದೀನಿ ಅಮ್ಮಣ್ಣಿ, ಒಂದು ದಿನ ಅವನ ಮೇಲೆ ಭಾರ ಹಾಕಿದವನಲ್ಲ. ನೀವು ಹಾಕ್ತಿದ್ದೀರಿ. ನೋಡೋಣ, ತಡೀತಾನಾ ಅಂತ."

ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಬಾಗಿಲು. ತಳ್ಳಿದವರ ಬಲ ಹೀರಿ, ತಳ್ಳಿದಷ್ಟೂ ಭಾರವಾಗುವ ಬಾಗಿಲು ಅದು. ಭಟ್ಟರು ಪಾತ್ರೆ ಕೆಳಗಿಟ್ಟು, ಪಂಚೆ ಎತ್ತಿಕಟ್ಟಿ, ಅವಳು ಬೇಡ ಬೇಡ ಎನ್ನುತ್ತಿದ್ದಂತೆ ಹೆಗಲು ಕೊಟ್ಟು ತಳ್ಳಿದರು. ಬಾಗಿಲು ಅಲುಗಲಿಲ್ಲ. ಭಟ್ಟರ ತೋಳಬಂದಿ ಸಡಿಲಾಗಿ ಮೊಣಕೈಗೆ ಜಾರಿತು. ಮತ್ತೆ ತಳ್ಳಿದರು. ಮಣಿಕಟ್ಟಿಗೆ ಬಂತು. ಮೂರನೆಯ ಸಲಕ್ಕೆ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಯಿತು. ಭಟ್ಟರು ಅದನ್ನು ಎತ್ತಿಕೊಂಡು ಬಂದು ಸೊಂಟಕ್ಕೆ ಸಿಕ್ಕಿಸಿ ಕೂತರು.

ಕುಸುಮಾಂಬೆ ಕೈಮುಗಿದಳು. "ಸ್ವಾಮಿ, ಇದೇನೂ ನನ್ನ ಕೈಲಾಗದ್ದಲ್ಲ. ಆದರೂ ಹೊತ್ತಾಗ್ತಿದೆ. ನೀನು ಸ್ವಲ್ಪ ನೋಡಿದರೆ ಅನುಕೂಲ."

ಬಾಗಿಲು ಇದ್ದ ಹಾಗೇ ಇತ್ತು.

"ಇದು ಬೇಡಿಕೊಂಡ ಹಾಗಾಯ್ತಾ, ಆಳಿಗೆ ಕೆಲಸ ಹೇಳಿದ ಹಾಗಾಯ್ತಾ?" ಎಂದರು ಭಟ್ಟರು.

ಅವಳು ಮತ್ತೆ ಕೈಮುಗಿದಳು. "ಸ್ವಾಮಿ, ಶೇಷಭಟ್ಟರ ಕೈಲಾಗೋದಿಲ್ಲ."

ಬಾಗಿಲು ಒಂದಿಷ್ಟು ಅಲುಗಿ ನಿಂತಿತು. ಹೇಳಿದ್ದು ನಿಜವೇ ಆದ್ದರಿಂದ ಅಷ್ಟರಮಟ್ಟಿಗೆ ಫಲ ಸಿಕ್ಕಿರಬೇಕು.

"ನನ್ನ ವಿಷಯ ಯಾಕೆ ಎತ್ತುತ್ತೀರಿ?" ಎಂದರು ಭಟ್ಟರು, ಬೇಸರದಿಂದ.

ಅವಳು ಸುತ್ತ ನೋಡಿದಳು. ಹೆಬ್ಬಂಡೆಯವರು ಯಾರೂ ಇರಲಿಲ್ಲ. ಕಣ್ಣುಮುಚ್ಚಿ, ಕಹಿ ಔಷಧ ಕುಡಿದವಳಂತೆ ಒಂದೇ ಉಸಿರಿಗೆ, "ಸ್ವಾಮಿ, ನನ್ನ ಕೈಲಾಗುವುದಿಲ್ಲ," ಎಂದಳು.

ಬಾಗಿಲು ತೆರೆದುಕೊಂಡಿತು. ಸದ್ದೇನೂ ಆಗಲಿಲ್ಲ.

ಭಟ್ಟರು ಎದ್ದು ಬಂದು ಬಾಗಿಲಿನ ಹಿಂದೆ ಮುಂದೆ ನೋಡಿದರು. "ಗಾಳಿ ಇರಬೇಕು," ಎಂದರು.

ಗುಡ್ಡದ ನಡುವೆ ಎರಡು ತಲೆಯ ಕರಡಿ ದಾರಿಗೆ ಅಡ್ಡವಾಗಿ ಕೂತಿತ್ತು. ಎರವಲಯ್ಯ ಸಾಕಿದ್ದು. ಒಂದು ಏಟು ಬಿದ್ದರೆ ಒಂದು ಗೇಣು ಬೆಳೆಯುತ್ತಿತ್ತು. ಶತಬಾಹು, ಸಹಸ್ರಬಾಹು ಇಬ್ಬರೂ ಮನಸಾರೆ ಹೊಡೆದು ಹೋಗಿದ್ದರಿಂದ ಈಗ ಅದು ಹುಣಸೆಮರದಷ್ಟು ಎತ್ತರವಿತ್ತು. ಕುಸುಮಾಂಬೆಯನ್ನು ಕಂಡು ಎದ್ದು ನಿಂತಿತು.

ಅವಳು ಈ ಸಲ ಹೆಚ್ಚು ತಡಮಾಡದೆ, "ಸ್ವಾಮಿ, ನನ್ನ ಕೈಲಾಗುವುದಿಲ್ಲ," ಎಂದಳು. ಹೇಳಿದಳೇ ಹೊರತು, ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಗದೆಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಒಂದು ವೇಳೆ ದೇವರು ಬರುವುದು ತಡವಾದರೆ ಎಂದು.

ಕರಡಿಯ ಎಡತಲೆ ಆಕಳಿಸಿತು. ಬಲತಲೆ ಹಲ್ಲು ಕಿರಿದೇ ನಿಂತಿತು.

"ಮಲಗೋಣ ನಡಿ," ಎಂದಿತು ಎಡತಲೆ. "ಇವಳು ಹೊಡೆಯೋ ಹಾಗೆ ಕಾಣಲ್ಲ."

"ಒಂದು ಕೈ ಕಾಣಿಸ್ತಿಲ್ಲ," ಎಂದಿತು ಬಲತಲೆ. "ಹಿಂದೆ ಏನೋ ಇದೆ."

"ಬೆನ್ನು ಕೆರೆದುಕೊಳ್ಳುತ್ತಿರಬಹುದು."

"ಇಷ್ಟು ಹೊತ್ತು ಯಾರು ಕೆರೆದುಕೊಳ್ತಾರೆ? ನಿನಗೆ ನಿದ್ದೆ ಒಂದೇ ಗೊತ್ತು. ಹೊಟ್ಟೆ ಇಬ್ಬರದೂ ಒಂದೇ, ಸಾಯೋದೂ ಒಟ್ಟಿಗೇ, ಸ್ವಲ್ಪ ಜವಾಬ್ದಾರಿ ಬೇಡವಾ?"

ಬಲತಲೆ ಬಾಗಿ ಬಾಯಿ ತೆರೆಯಿತು. ಅದರ ಬಿಸಿಯುಸಿರಿಗೆ ಅವಳ ಮುಂಗುರುಳು ಹಾರಿತು. ಗದೆ ಬೀಸಲು ಇದಕ್ಕಿಂತ ಒಳ್ಳೆಯ ಸಮಯವಿರಲಿಲ್ಲ. ಗುರಿ ಎದುರಿಗೇ ಇತ್ತು. ಅವಳ ಮೈಯೆಲ್ಲ ಬೀಸು ಎನ್ನುತ್ತಿತ್ತು. ಅವಳು ಹಿಡಿ ಸಡಿಲಿಸಿದಳು. ಗದೆ ಹಿಂದೆ ಧೊಪ್ಪನೆ ಬಿತ್ತು, ಭಟ್ಟರ ಕಾಲಿನ ಪಕ್ಕದಲ್ಲಿ.

ಬಲತಲೆಗೂ ಆಕಳಿಕೆ ಬಂತು. ಕರಡಿ ಅಲ್ಲೇ ಮುದುಡಿಕೊಂಡು ಮಲಗಿತು. ಮಲಗಿದಂತೆ ಕುಗ್ಗುತ್ತ ಕುಗ್ಗುತ್ತ ಸಾಧಾರಣ ಕರಡಿಯಷ್ಟಾಯಿತು. ಎರಡು ತಲೆಗಳೂ ಒಂದರ ಮೇಲೊಂದು ಒರಗಿ ಗೊರಕೆ ಹೊಡೆದವು.

"ಊಟದ ಹೊತ್ತು ಮೀರಿದೆ ನೋಡಿ," ಎಂದರು ಭಟ್ಟರು, ಕಾಲು ನೋಡಿಕೊಳ್ಳುತ್ತ. "ಆಯಾಸಕ್ಕೆ ನಿದ್ದೆ ಬಂದಿರಬೇಕು. ಗಾಳಿಯೂ ತಂಪಾಗಿದೆ."

ಗುಡ್ಡದ ತುದಿಯಲ್ಲಿ ಎರವಲಯ್ಯ ತೂಗುಮಂಚದ ಮೇಲೆ ಮಲಗಿದ್ದ. ಎಷ್ಟೋ ಜನರ ಬಲ ಸೇರಿ ಅವನು ಒಂದು ಸಣ್ಣ ಗುಡಿಯಷ್ಟು ದಪ್ಪವಾಗಿದ್ದ. ಒಂದು ತೋಳು ಉದ್ದಂಡರಾಯನ ತೋಳಿನಂತಿತ್ತು. ಮಂಚದ ಸರಪಳಿ ನರಳುತ್ತಿತ್ತು. ಮೈನಾ ಅವನ ಹೊಟ್ಟೆಯ ಮೇಲೆ ಕೂತು ಕಾಳು ತಿನ್ನುತ್ತಿತ್ತು.

"ಬಾ ತಾಯಿ," ಎಂದ ಎರವಲಯ್ಯ. ಮಾತು ಬಹಳ ಮೃದು. "ದಾರಿಯಲ್ಲಿ ತೊಂದರೆ ಆಗಲಿಲ್ಲ ತಾನೆ? ಕೂತ್ಕೋ. ನಿಮ್ಮ ಮನೆಯವರೆಲ್ಲ ಒಳ್ಳೇ ಜನ. ನಿಮ್ಮಪ್ಪ ಬಂದವನೇ ನನ್ನ ಕುತ್ತಿಗೆಗೆ ಕೈಹಾಕಿದ. ದೊಡ್ಡಣ್ಣ ಗುದ್ದಿದ. ಚಿಕ್ಕಣ್ಣ ಸೊಂಟ ಹಿಡಿದ, ಅದೊಂದು ಸ್ವಲ್ಪ ಕಚಗುಳಿ ಆಯ್ತು. ನೀನು ಹೇಗೆ ಶುರುಮಾಡ್ತೀಯ?"

ಕುಸುಮಾಂಬೆ ಕೂರದೆ ಮಂಚದ ಮುಂದೆ ನಿಂತಳು.

"ನಿನ್ನ ವಿಷಯ ನನಗೆ ಗೊತ್ತು," ಎಂದ ಅವನು. "ಆ ಮನೆಯಲ್ಲಿ ಎಲ್ಲರಿಗಿಂತ ಬಲಶಾಲಿ ನೀನು. ಕಲ್ಲನ್ನ ತಲೆ ಮೇಲೆ ಎತ್ತುತ್ತೀಯಂತೆ. ಅವರೆಲ್ಲ ಆ ಕಡೆ ತಿರುಗಿ ನಿಲ್ತಾರಂತೆ. ಪಾಪ, ನೋಡೋರೇ ಇಲ್ಲ. ನಾನು ನೋಡ್ತೀನಿ. ಒಂದು ಏಟು ಕೊಡು. ನಿನ್ನ ಬಲ ಎಷ್ಟು ಅಂತ ತಿಳಿದವನು ಲೋಕದಲ್ಲಿ ಒಬ್ಬನಾದರೂ ಇರಲಿ."

ಈ ಮಾತು ಅವಳಿಗೆ ತಾಗಿತು. ಬಾಗಿಲಿಗೂ ಕರಡಿಗೂ ಅವಳ ಬಗ್ಗೆ ಏನೂ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತು.

"ಅಮ್ಮಣ್ಣಿ, ಮುಟ್ಟಬೇಡಿ," ಎಂದರು ಭಟ್ಟರು. ಸೊಂಟದಲ್ಲಿದ್ದ ತೋಳಬಂದಿಯನ್ನು ಅವರು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಎರವಲಯ್ಯ ಮಂಚದ ಪಕ್ಕದಲ್ಲಿದ್ದ ನೀರಿನ ಗಂಗಾಳವನ್ನು ಅವಳ ಕಡೆ ಸರಿಸಿದ. ನೀರಿನಲ್ಲಿ ಅರಮನೆ ಕಾಣಿಸಿತು. ಕೋಣ ನಿಂತಿತ್ತು. ಮಂತ್ರಿ ಸುಜ್ಞಾನಯ್ಯ, "ಪ್ರಭು, ಪ್ರಭು," ಎಂದು ಕರೆಯುತ್ತಿದ್ದ. ಕೋಣ ಗೋಡೆ ನೋಡುತ್ತಿತ್ತು. ಅದರ ಕಣ್ಣಿನಲ್ಲಿ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ.

"ಹೆಚ್ಚು ಹೊತ್ತಿಲ್ಲ," ಎಂದ ಎರವಲಯ್ಯ. "ಹೊಡೆದರೆ ಈಗಲೇ ಹೊಡಿ."

ಅವಳ ಕೈ ತಾನಾಗಿ ಮೇಲೆ ಬಂತು. ಕೆಳಗೆ ಇಳಿ ಎಂದಳು, ಇಳಿಯಲಿಲ್ಲ. ಗದೆ ಬಿಡುವುದು ಸುಲಭವಿತ್ತು, ಅದು ಹಿಡಿದುಕೊಂಡದ್ದು. ಮುಷ್ಟಿ ಹುಟ್ಟಿನಿಂದ ಬಂದದ್ದು. ತನ್ನ ಬಲವನ್ನು ತಡೆಯಲು ಬೇಕಾದಷ್ಟು ಬಲ ತನ್ನಲ್ಲಿಲ್ಲ ಎಂದು ಅವಳಿಗೆ ಆಗ ತಿಳಿಯಿತು.

ಅವಳು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

"ಸ್ವಾಮಿ," ಎಂದಳು, "ಇವನನ್ನು ಗೆಲ್ಲೋದು ನನ್ನ ಕೈಲಾಗುವುದಿಲ್ಲ. ಸುಮ್ಮನಿರೋದೂ ನನ್ನ ಕೈಲಾಗುವುದಿಲ್ಲ. ಈ ಕೈ ತುರಿಸ್ತಾ ಇದೆ. ಇದನ್ನೂ ನೀನೇ ಹಿಡಿದುಕೋ."

ಅವಳ ಮುಷ್ಟಿ ಬಿಚ್ಚಿತು. ಎರಡು ಕೈಗಳೂ ನಿಧಾನವಾಗಿ ಮಡಿಲಿಗೆ ಬಂದು ಕೂತವು, ಮಾತು ಕೇಳುವ ಮಕ್ಕಳ ಹಾಗೆ.

ಎರವಲಯ್ಯ ಕಾದ. ಅವಳು ಕೂತೇ ಇದ್ದಳು. ಅವನು ಅವಳ ತಾಯಿಯನ್ನು ಬೈದ, ಊರನ್ನು ಬೈದ, ಕುಸುಮಾಂಬೆ ಎಂಬ ಹೆಸರು ಪೈಲ್ವಾನರಿಗೆ ಒಪ್ಪುವುದಿಲ್ಲ ಎಂದ. ಕೊನೆಗೆ, "ಕೈಲಾಗದವಳೇ," ಎಂದ.

"ಹೌದು," ಎಂದಳು ಅವಳು. "ಅದನ್ನೇ ಆಗಿನಿಂದ ಹೇಳ್ತಾ ಇದೀನಿ."

ಬೈಗುಳಕ್ಕೆ ಹೌದು ಎಂದವರನ್ನು ಎರವಲಯ್ಯ ಅದುವರೆಗೆ ಕಂಡಿರಲಿಲ್ಲ. ಅವನಿಗೆ ಕಸಿವಿಸಿಯಾಯಿತು, ಆಮೇಲೆ ಸಿಟ್ಟು ಬಂತು. ಬಂದವರೆಲ್ಲ ತಾವೇ ಹೊಡೆಯುತ್ತಿದ್ದುದರಿಂದ ಆವರೆಗೆ ಅವನು ಯಾರ ಮೇಲೂ ಕೈಮಾಡಿದ್ದಿಲ್ಲ. ಮಂಚದಿಂದ ಇಳಿದು, ಅಷ್ಟೂ ಜನರ ಬಲವನ್ನು ಒಂದೇ ಮುಷ್ಟಿಗೆ ತಂದು, ಅವಳ ತಲೆಯ ಮೇಲೆ ಬೀಸಿದ.

ಮುಷ್ಟಿ ಅವಳ ತಲೆಯಿಂದ ಒಂದು ಗೇಣು ಮೇಲೆ ಯಾವುದಕ್ಕೋ ತಗುಲಿ ನಿಂತಿತು. ಅಲ್ಲಿ ಕಣ್ಣಿಗೆ ಕಾಣದಂತೆ ಕರುಣೇಶ್ವರ ನಿಂತಿದ್ದ. ಕರೆದಾಗ ಬರುತ್ತೇನೆಂದು ಹೇಳಿದ್ದ, ಬಂದಿದ್ದ.

ಮಾಯೆಗೆ ಒಡೆಯ, ಆಳು ಎಂಬ ಭೇದವಿಲ್ಲ. ಹೊಡೆದವನ ಬಲ ಹೊಡೆಸಿಕೊಂಡವನಿಗೆ ಸೇರಬೇಕು. ಎರವಲಯ್ಯನ ಬಲವೆಲ್ಲ ದೇವರಿಗೆ ಸೇರಿತು. ದೇವರಿಗೆ ಬಲದ ಕೊರತೆಯೇನೂ ಇರಲಿಲ್ಲವಾದ್ದರಿಂದ, ಬಂದ ಬಲವನ್ನು ಅವರವರಿಗೆ ತಿರುಗಿ ಕಳಿಸಿಬಿಟ್ಟ. ಹತ್ತೂರಿನ ಕೊಟ್ಟಿಗೆಗಳಲ್ಲಿ ಎತ್ತು, ಕತ್ತೆ, ಕುರಿಗಳು ಇದ್ದಕ್ಕಿದ್ದಂತೆ ಮನುಷ್ಯರಾಗಿ ಎದ್ದು ಬಟ್ಟೆ ಕೇಳಿದವು. ಹೆಬ್ಬಂಡೆಯ ದರ್ಬಾರಿನಲ್ಲಿ ಟಗರು ಶತಬಾಹುವಾಯಿತು, ಹುಂಜ ಸಹಸ್ರಬಾಹುವಾಯಿತು. ಸಹಸ್ರಬಾಹು ಮಂತ್ರಿಯ ಪೀಠದ ಮೇಲೆ ಒಂಟಿಕಾಲಲ್ಲಿ ನಿಂತಿದ್ದ. ಸ್ವಲ್ಪ ಹೊತ್ತಿನ ನಂತರ ಇಳಿದ.

ಗುಡ್ಡದ ಮೇಲೆ ಎರವಲಯ್ಯ ಹುಟ್ಟಿದಾಗಿನಂತೆ ಕಡ್ಡಿಯಾಗಿ, ತನ್ನದೇ ಅಂಗಿಯೊಳಗೆ ಎಲ್ಲೋ ಕಳೆದುಹೋಗಿದ್ದ. ಮೈನಾ, ಕೂರಲು ಅವನ ಹೆಗಲು ಸಾಲದೆ ಕೆಳಗೆ ಬಿದ್ದು, ಬೇರೆ ಧಣಿಯನ್ನು ಹುಡುಕಿಕೊಂಡು ಹಾರಿಹೋಯಿತು.

ಶೇಷಭಟ್ಟರ ತೋಳು ಮೊದಲಿನಂತೆ ತುಂಬಿಕೊಂಡಿತ್ತು. ಅವರು ತೋಳಬಂದಿ ಹಾಕಿಕೊಳ್ಳುವುದನ್ನು ಮರೆತು ಅವಳ ತಲೆಯ ಮೇಲಿನ ಬರಿಯ ಗಾಳಿಯನ್ನು ನೋಡುತ್ತ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದರು. ಮುಚ್ಚಿದರು. ಪುಳಿಯೋಗರೆಯ ಪಾತ್ರೆಯ ಮುಚ್ಚಳ ತೆಗೆದು, ಆ ಜಾಗದಲ್ಲಿ ಇಟ್ಟು, ಉದ್ದಕ್ಕೆ ಅಡ್ಡಬಿದ್ದರು.

"ನಮ್ಮಪ್ಪ ಸರಿಹೋದರಾ?" ಎಂದು ಕುಸುಮಾಂಬೆ ಎರವಲಯ್ಯನನ್ನು ಕೇಳಿದಳು.

"ಅದೊಂದು ಮಾತ್ರ ನನಗೆ ಸೇರಿದ್ದಲ್ಲ," ಎಂದಿತು ಅಂಗಿಯೊಳಗಿನ ದನಿ. "ಆ ಕಣ್ಣಿಯನ್ನ ನಾನು ಸಡಿಲವಾಗೇ ಹಾಕಿದ್ದೆ. ಮುದುಕ ಸುಮ್ಮನಿದ್ದಿದ್ದರೆ ಅವತ್ತೇ ಜಾರಿ ಬೀಳ್ತಿತ್ತು. ಹಗಲೂ ರಾತ್ರಿ ಎಳೆದೆಳೆದು ಬಿಗಿ ಮಾಡಿಕೊಂಡವನು ಅವನೇ. ಈಗ ಬಲವೂ ವಾಪಸು ಹೋಗಿದೆ. ಇನ್ನೂ ಜೋರಾಗಿ ಎಳೀತಾನೆ."

ಅವಳು ಓಡಿದಳು. ಕರಡಿಯನ್ನು ದಾಟಿ, ತೆರೆದ ಬಾಗಿಲನ್ನು ದಾಟಿ, ಊರಿನ ನಡುವೆ ಕೂದಲು ಕೆದರಿಕೊಂಡು ಓಡಿದಳು.

ದರ್ಬಾರಿನಲ್ಲಿ ಕೋಣ ಕಂಬದ ಸುತ್ತ ಗುದ್ದಾಡುತ್ತಿತ್ತು. ಕಣ್ಣಿಯ ಒಂದು ಕೊನೆ ಕಂಬಕ್ಕೆ ಸಿಕ್ಕಿಕೊಂಡಿತ್ತು. ತನ್ನ ಪೂರ್ತಿ ಬಲ ಮರಳಿದ್ದರಿಂದ ಕೋಣ ಪೂರ್ತಿ ಬಲದಿಂದ ಜಗ್ಗುತ್ತಿತ್ತು, ಕಣ್ಣಿ ಮಾಂಸದೊಳಗೆ ಇಳಿಯುತ್ತಿತ್ತು. ಬಾಯಲ್ಲಿ ನೊರೆ. ಅಣ್ಣಂದಿರಿಬ್ಬರೂ ಮುಂದೆ ನುಗ್ಗಿ ಕಣ್ಣಿ ಹಿಡಿದು ಎಳೆಯುತ್ತಿದ್ದರು, ತಮ್ಮ ಕೈಲಾದಷ್ಟು.

"ಬಿಡಿ ಅಣ್ಣಯ್ಯ," ಎಂದಳು ಕುಸುಮಾಂಬೆ.

"ಇನ್ನೊಂದು ಸ್ವಲ್ಪ," ಎಂದ ಶತಬಾಹು. "ಬರ್ತಾ ಇದೆ."

"ಬರ್ತಾ ಇರೋದು ಅಪ್ಪಾಜಿಯ ಪ್ರಾಣ. ಬಿಡಿ."

ಅವರು ಬಿಟ್ಟರು. ಅವಳು, "ಅಪ್ಪಾಜಿ," ಎಂದು ಕರೆದಳು. ಕೋಣ ತಿರುಗಲಿಲ್ಲ. "ಅಪ್ಪಾಜಿ," ಎಂದಳು. ತಿರುಗಲಿಲ್ಲ. ಮೂರನೆಯ ಸಲ ಕರೆದಳು. ಅದು ಇನ್ನೊಮ್ಮೆ ಜಗ್ಗಿತು.

ಇಡೀ ಆಸ್ಥಾನ ನೋಡುತ್ತಿತ್ತು. ಗುಡ್ಡದ ಮೇಲೆ ಆಡಿದ ಮಾತು ಬೇರೆ, ಇಲ್ಲಿ, ಸೇನಾಪತಿ ಮಂತ್ರಿ ಕವಿಗಳ ಎದುರಿಗೆ, ಆಡುವುದು ಬೇರೆ. ಅವಳು ಕೋಣದ ಮುಂದೆ ನೆಲದ ಮೇಲೆ ಕೂತಳು.

"ಸ್ವಾಮಿ, ನನ್ನ ಕೈಲಾಗುವುದಿಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ಇವರಿಗೆ ಬಿಡೋಕೆ ಬರಲ್ಲ. ಬಿಡೋದನ್ನ ಇವರಿಗೆ ನಾವ್ಯಾರೂ ಕಲಿಸಿಲ್ಲ. ನೀನೇ ಕಲಿಸು."

ಆಮೇಲೆ ಕೋಣದ ಕಿವಿಗೆ ಬಾಯಿಟ್ಟು, "ಅಪ್ಪಾಜಿ, ಸಾಕು. ಬಿಟ್ಟುಬಿಡಿ. ಹಿಡಿದುಕೊಳ್ಳೋಕೆ ಬೇರೆಯವರಿದ್ದಾರೆ," ಎಂದಳು.

ಕೋಣ ನಿಂತಿತು. ಹಿಂದಕ್ಕೆ ಜಗ್ಗುತ್ತಿದ್ದ ಕತ್ತು ಒಂದು ಬೆರಳಿನಷ್ಟು ಮುಂದೆ ಬಂತು, ಮತ್ತೆ ಒಂದು ಬೆರಳಿನಷ್ಟು. ಮೊಣಕಾಲೂರಿ, ಆ ದೊಡ್ಡ ಕರಿಯ ತಲೆಯನ್ನು ತಂದು ಮಗಳ ಮಡಿಲಲ್ಲಿ ಇಟ್ಟಿತು. ಬಿಗಿಯಾಗಲು ಏನೂ ಉಳಿಯದೆ ಕಣ್ಣಿ ಜಾರಿ ನೆಲಕ್ಕೆ ಬಿತ್ತು.

ದರ್ಬಾರಿನ ನಡುವೆ, ಮಗಳ ಮಡಿಲಲ್ಲಿ ತಲೆಯಿಟ್ಟು ಉದ್ದಂಡರಾಯ ಮಲಗಿದ್ದ. ಮೀಸೆಯಲ್ಲಿ ಒಂದೆರಡು ಹುಲ್ಲಿನ ಎಸಳಿದ್ದವು. ಅವನು ಕಣ್ಣು ತೆರೆದು ಅವಳನ್ನು ನೋಡಿದ, ಗುರುತು ಹಿಡಿದ, ಅಳತೊಡಗಿದ.

"ನನ್ನ ಕೈಲಾಗಲಿಲ್ಲ ಕಂದ," ಎಂದ.

ಆಸ್ಥಾನದವರು ಯಾವ ಕಡೆ ನೋಡಬೇಕೆಂದು ತಿಳಿಯದೆ, ಬೇರೆ ದಾರಿ ಕಾಣದೆ, ಅವರಿಬ್ಬರನ್ನೇ ನೋಡಿದರು. ಸೇನಾಪತಿ ಮೂಗು ಒರೆಸಿಕೊಂಡ. ಮಂತ್ರಿ ಸುಜ್ಞಾನಯ್ಯ ಬಹಳ ಹೊತ್ತು ಕಾದು, ಇನ್ನು ತಡೆಯಲಾರದೆ, "ಪ್ರಭು, ತಾವು ಇಷ್ಟು ದಿನ ತಲೆಯಾಡಿಸಿ ಒಪ್ಪಿಗೆ ಕೊಟ್ಟ ಆಜ್ಞೆಗಳು..." ಎಂದು ಶುರುಮಾಡಿದ.

"ನಾಳೆ," ಎಂದ ರಾಜ, ಮಲಗಿದಲ್ಲಿಂದಲೇ.

ಎರವಲಯ್ಯನನ್ನು ಶೇಷಭಟ್ಟರು ಅಂಗಿಯ ಸಮೇತ ಹೊತ್ತು ತಂದರು. ಅವನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಮುದ್ದೆ ಸಾರು ಹಾಕಿ, ಬಾವಿಯಿಂದ ನೀರು ಸೇದುವ ಕೆಲಸ ಕೊಟ್ಟರು. ಸ್ವಂತ ಬಲ ಬರಲು ಎಷ್ಟು ದಿನ ಹಿಡಿಯುತ್ತದೆ ಎಂಬುದು ಅವನಿಗೆ ಹೊಸ ವಿಷಯವಾಗಿತ್ತು. ಕರಡಿ ನಿದ್ದೆ ಮುಗಿಸಿ ಕಾಡಿಗೆ ಹೋಯಿತು, ದಾರಿಯುದ್ದಕ್ಕೂ ಜಗಳವಾಡುತ್ತ. ಅಪ್ಪನ ನಂತರ ಕುಸುಮಾಂಬೆಗೆ ಪಟ್ಟವಾಯಿತು. ಅಣ್ಣಂದಿರು ತಕರಾರು ಮಾಡಲಿಲ್ಲ. ಆ ರಾಜ್ಯದಲ್ಲಿ ಆಮೇಲೆ ಕೆರೆಗಳು ತುಂಬಿದವು, ಹಸುಗಳು ಹಾಲು ಕರೆದವು, ಹಗಲಿಗೆ ದುಡಿದವರು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದರು, ಕಾವಲಿಗೆ ಬೇರೆಯವನಿದ್ದಾನೆ ಎಂಬ ಧೈರ್ಯದಿಂದ. ಹೀಗೆ ಅವರೆಲ್ಲ ಬಹುಕಾಲ ಸುಖವಾಗಿದ್ದರು. ಆಸ್ಥಾನಕವಿ ಕೂಡ ಸುಖವಾಗಿದ್ದ, ಅವನ ಕಾವ್ಯಕ್ಕೆ ಮೊದಲ ವಿಮರ್ಶೆ ಬರುವವರೆಗೆ.